ಅಭಯವೂ ವಿಚಾರಣೆಯೂ

ಕಾವ್ಯವನ್ನು ಪರೀಕ್ಷಿಸುವ ವಿಮರ್ಶಕನಿಗೂ, ಪರದೇಶದಿಂದ ಓಡಿಬಂದು ಮರೆಹೊಕ್ಕವನ ಅರ್ಜಿಯನ್ನು ಪರೀಕ್ಷಿಸುವ ಅಧಿಕಾರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು; ಅದು ಮೇಲುನೋಟಕ್ಕೆ ತೋರುವುದಕ್ಕಿಂತ ಬಹಳ ಹತ್ತಿರದ್ದು. ಇಬ್ಬರ ಮುಂದೆಯೂ ಇರುವುದು ಒಂದು ಕಥೆ. ಅದರ ಪೂರ್ವಾಪರಗಳು ಒಂದಕ್ಕೊಂದು ಹೊಂದುವುವೆ, ವಿವರಗಳು ತಕ್ಕಷ್ಟಿರುವುವೆ, ಇಂಥ ಮನುಷ್ಯನು ಇಂಥ ಸಂದರ್ಭದಲ್ಲಿ ಹೀಗೆ ನಡೆದುಕೊಳ್ಳುವುದು ನಂಬತಕ್ಕದ್ದೆ ಎಂದು ಇಬ್ಬರೂ ನೋಡುತ್ತಾರೆ. ವಿಮರ್ಶಕನು ತಪ್ಪಿದರೆ ಒಂದು ಒಳ್ಳೆಯ ಗ್ರಂಥಕ್ಕೆ ಕೆಲವು ಕಾಲ ಅಪಕೀರ್ತಿ ಬರುವುದಷ್ಟೆ. ಅಧಿಕಾರಿಯು ತಪ್ಪಿದರೆ ಒಬ್ಬ ಮನುಷ್ಯನು ತಾನು ಯಾರಿಗೆ ಹೆದರಿ ಓಡಿಬಂದನೋ ಅವರ ಕೈಗೇ ಮರಳಿ ಬೀಳುತ್ತಾನೆ. ಆದುದರಿಂದ ಶರಣಾಗತಿಯನ್ನೇ ವಸ್ತುವಾಗಿ ಉಳ್ಳ ಮೂರು ಕೃತಿಗಳನ್ನು, ಅಂದರೆ ವಾಲ್ಮೀಕಿಯ ಯುದ್ಧಕಾಂಡದಲ್ಲಿ ವಿಭೀಷಣನು ಬರುವ ಭಾಗ, ಗ್ರೀಕರ ಈಸ್ಕಿಲಸ್ ಮಹಾಕವಿಯ ‘ಶರಣಾರ್ಥಿನಿಯರು’ ಎಂಬ ನಾಟಕ, ಜರ್ಮನ್ ಲೇಖಕಿ ಆನಾ ಸೇಗರ್ಸ್ ಬರೆದ ‘ಟ್ರಾನ್ಸಿಟ್’ ಎಂಬ ಕಾದಂಬರಿ, ಇವನ್ನು ಈ ದೃಷ್ಟಿಯಿಂದ ನೋಡುವುದು ನಿಷ್ಫಲವಾಗಲಾರದೆಂದು ನಂಬಿದ್ದೇನೆ.

ಮೊದಲು ಕಾನೂನಿನ ಮಾತು. ಈ ಕಾಲದ ಶರಣಾರ್ಥಿಗಳ ವಿಷಯದಲ್ಲಿ ಬಹುಪಾಲು ದೇಶಗಳಿಗೆ ಆಧಾರವಾದುದು 1951ನೆಯ ಇಸವಿ ಜುಲೈ 28ರಂದು ಜಿನೀವಾ ನಗರದಲ್ಲಿ ಆದ ಒಡಂಬಡಿಕೆ. ಎರಡನೆಯ ಮಹಾಯುದ್ಧದ ಬೂದಿಯಿಂದ ಹುಟ್ಟಿದ ಇದು ಮೊದಲು 1951ರ ಜನವರಿ 1ಕ್ಕೆ ಹಿಂದೆ ನಡೆದ ಸಂಗತಿಗಳಿಗೆ ಮಾತ್ರ ಸಂಬಂಧಿಸಿತ್ತು. 1967ರ ಪೂರಕ ಒಪ್ಪಂದವು ಆ ಕಾಲದ ಕಟ್ಟನ್ನು ಕಿತ್ತುಹಾಕಿತು. ಜನಾಂಗ, ಮತ, ರಾಷ್ಟ್ರೀಯತೆ, ಒಂದು ಸಮಾಜವರ್ಗಕ್ಕೆ ಸೇರಿರುವಿಕೆ, ರಾಜಕೀಯಾಭಿಪ್ರಾಯ, ಈ ಐದರಲ್ಲಿ ಯಾವುದಾದರೊಂದರ ಕಾರಣದಿಂದ ತಾನು ಹಿಂಸೆಗೆ ಗುರಿಯಾಗುವೆನೆಂಬ ಸಾಧಾರವಾದ ಭಯವುಳ್ಳವನಾಗಿ, ಸ್ವದೇಶದ ಹೊರಗಿದ್ದು, ಅದರ ರಕ್ಷಣೆಯನ್ನು ಪಡೆಯಲಾರದವನೇ ಶರಣಾರ್ಥಿಯೆಂದು ಅಲ್ಲಿಯ ಲಕ್ಷಣದ ತಾತ್ಪರ್ಯ. ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಕಾನೂನು ಸಾಮಾನ್ಯವಾಗಿ ನೋಡುವುದು ಮಾಡಿದ ಕೆಲಸವನ್ನು, ಬರೆದ ಪತ್ರವನ್ನು, ಅಳೆದ ಭೂಮಿಯನ್ನು. ಇಲ್ಲಿ ಮಾತ್ರ ಅದು ಒಂದು ಭಾವವನ್ನು ಹಕ್ಕಿನ ಅಡಿಗಲ್ಲಾಗಿ ಇಟ್ಟಿದೆ. ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಭಯಾನಕರಸದ ಸ್ಥಾಯಿಭಾವಕ್ಕೆ ರಾಷ್ಟ್ರಗಳ ಒಡಂಬಡಿಕೆಯಲ್ಲಿ ಪೀಠ ದೊರೆಯಿತು. ‘ಸಾಧಾರವಾದ’ ಎಂಬ ವಿಶೇಷಣವು ವಿಭಾವವನ್ನು ಕೇಳುತ್ತದೆ. ಹೊರಗೆ ಹೆದರತಕ್ಕ ಕಾರಣವಿರಬೇಕು, ಒಳಗೆ ಹೆದರಿಕೆಯೂ ಇರಬೇಕು.

ಭರತಮುನಿಯು ಭಯಾನಕವನ್ನು ಮೂರು ಬಗೆಯಾಗಿ ವಿಂಗಡಿಸಿರುವುದು ಸಹೃದಯರಿಗೆ ತಿಳಿದೇ ಇದೆ: ನಟನೆಯ ಭಯ, ತಾನು ಮಾಡಿದ ಅಪರಾಧದಿಂದ ಹುಟ್ಟಿದ ಭಯ, ಪರರು ಬೆದರಿಸಿದುದರಿಂದ ಹುಟ್ಟಿದ ಭಯ. ಅರ್ಜಿಗಳನ್ನು ವಿಚಾರಿಸುವ ಕಚೇರಿಯ ಕೆಲಸವೆಲ್ಲ ಈ ಮೂರನ್ನು ಬೇರ್ಪಡಿಸುವುದರಲ್ಲಿಯೇ ಇದೆಯೆಂದರೆ ಅತಿಶಯೋಕ್ತಿಯಲ್ಲ. ಸುಳ್ಳು ಹೇಳಿ ಬಂದವನನ್ನು ಹೊರಗಿಡಬೇಕು, ಕೊಲೆ ಮುಂತಾದ ಘೋರಾಪರಾಧವನ್ನು ಮಾಡಿ ದಂಡನೆಗೆ ಅಂಜಿ ಬಂದವನಿಗೆ ಒಡಂಬಡಿಕೆಯ ಆಶ್ರಯವಿಲ್ಲ, ಮೂರನೆಯವನನ್ನು ಕಾಯಬೇಕು. ಆದರೆ ಭರತನು ಈ ವಿಭಾಗವನ್ನು ಮಾಡಿದ್ದು ರಂಗಸ್ಥಳಕ್ಕಾಗಿ. ಅಲ್ಲಿ ಕೈಕಾಲು ನಡುಗುವುದು, ಮುಖ ಬಣ್ಣಗೆಡುವುದು, ಸ್ವರ ಒಡೆಯುವುದು ಎಂಬ ಅನುಭಾವಗಳಿಂದ ಒಳಗಿನ ಭಾವವು ಪ್ರೇಕ್ಷಕನಿಗೆ ತಿಳಿಯುತ್ತದೆ. ಲೋಕದಲ್ಲಿ ಹಾಗಿಲ್ಲ. ನಿಜವಾಗಿ ಬೆಂದುಬಂದವನು ಅನೇಕ ವೇಳೆ ಕಲ್ಲಿನಂತೆ ಕುಳಿತು, ಮಗನನ್ನು ಕೊಂದ ಸಂಗತಿಯನ್ನೂ ರೈಲಿನ ವೇಳಾಪಟ್ಟಿಯನ್ನು ಓದಿದಂತೆ ಹೇಳುತ್ತಾನೆ. ಅಭ್ಯಾಸವಿರುವ ಸುಳ್ಳುಗಾರನಿಗೆ ಸಾತ್ತ್ವಿಕಭಾವಗಳೆಲ್ಲ ಕರತಲಾಮಲಕ.

ಕಥೆಯ ವಿಷಯದಲ್ಲಿಯೂ ಇದೇ ತೊಡಕು. ಸಂಭವವೆಂದು ತೋರುವ ಅಸಾಧ್ಯವು, ನಂಬಲಾಗದ ಸಾಧ್ಯಕ್ಕಿಂತ ಕವಿಗೆ ಮೇಲೆಂದು ಅರಿಸ್ಟಾಟಲನು ಕಾವ್ಯಮೀಮಾಂಸೆಯಲ್ಲಿ ಹೇಳಿದನು. ಕಾವ್ಯಕ್ಕೆ ಅದು ಸರಿಯಾದ ನಿಯಮ. ಜೀವನವು ಆ ಗ್ರಂಥವನ್ನು ಓದಿಕೊಂಡಿಲ್ಲ. ಸೆರೆಮನೆಯ ಕಾವಲುಗಾರನು ಕಾರಣವಿಲ್ಲದೆ ಬಾಗಿಲು ತೆರೆದುಬಿಟ್ಟನು, ದಾರಿಯಲ್ಲಿ ಅಪರಿಚಿತನೊಬ್ಬ ಹಣ ಕೊಟ್ಟನು ಎಂಬಂಥ ಮಾತು ಕಾದಂಬರಿಯಲ್ಲಿ ಬಂದರೆ ನಾವು ಹುಬ್ಬುಗಂಟಿಕ್ಕುತ್ತೇವೆ. ಬದುಕಿ ಬಂದವರು ಬದುಕಿದ್ದು ಬಹುಮಟ್ಟಿಗೆ ಇಂಥ ಆಕಸ್ಮಿಕಗಳಿಂದಲೇ. ಅಮೆರಿಕದಲ್ಲಿ 2005ರಲ್ಲಿ ಆದ ಒಂದು ಶಾಸನವು, ಅರ್ಜಿದಾರನ ಹೇಳಿಕೆಯಲ್ಲಿ ಕಂಡ ಯಾವ ಅಸಂಗತಿಯನ್ನಾದರೂ, ಅದು ಅವನ ವಾದದ ತಿರುಳಿಗೆ ಸಂಬಂಧಿಸದಿದ್ದರೂ, ಅವನನ್ನು ನಂಬದಿರುವುದಕ್ಕೆ ಕಾರಣವಾಗಿ ಎಣಿಸಬಹುದೆಂದಿತು. ಅವನ ಮುಖಭಾವ ನಡವಳಿಕೆಗಳನ್ನೂ ಲೆಕ್ಕಕ್ಕೆ ತಂದಿತು. ನಮ್ಮಲ್ಲಿ ಕೆಲವು ವಿಮರ್ಶಕರು ಒಂದು ಛಂದೋದೋಷವನ್ನು ಹಿಡಿದು ಇಡಿಯ ಕಾವ್ಯವನ್ನು ತಳ್ಳಿಹಾಕುವುದುಂಟಷ್ಟೆ. ನ್ಯಾಯಕ್ಕಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಅದೇ ದೇಶದ ಶ್ರೇಷ್ಠ ನ್ಯಾಯಾಲಯವು 1987ರಲ್ಲಿ, ಹತ್ತರಲ್ಲಿ ಒಂದು ಪಾಲು ಅಪಾಯವಿದ್ದರೂ ಭಯವು ಸಾಧಾರವೆನಿಸಬಹುದೆಂದು ಉದಾರವಾಗಿ ಅರ್ಥಮಾಡಿತ್ತು. ವಿಶ್ವಸಂಸ್ಥೆಯ ಶರಣಾರ್ಥಿಗಳ ಇಲಾಖೆಯು 1979ರಲ್ಲಿ ಹೊರಡಿಸಿದ ಕೈಪಿಡಿಯು, ತನ್ನ ಶಕ್ತಿಯಿದ್ದಷ್ಟು ರುಜುವಾತು ಕೊಟ್ಟವನಿಗೆ ಸಂಶಯದ ಲಾಭವನ್ನು ಕೊಡಬೇಕೆಂದೂ, ಒಂದು ಸುಳ್ಳು ಸಿಕ್ಕಿದ ಮಾತ್ರಕ್ಕೆ ಅರ್ಜಿಯನ್ನು ತಿರಸ್ಕರಿಸಬಾರದೆಂದೂ ತಿಳಿಸುತ್ತದೆ.

ಈಗ ವಾಲ್ಮೀಕಿಗೆ ಬರೋಣ. ವಿಭೀಷಣ ಶರಣಾಗತಿಯನ್ನು ನಾವು ಭಕ್ತಿಯ ಕಣ್ಣಿನಿಂದ ಓದಿ ಓದಿ, ಅದು ಒಂದು ವಿಚಾರಣೆಯ ವರದಿಯೆಂಬುದನ್ನು ಮರೆತಿದ್ದೇವೆ. ಪ್ರಪತ್ತಿಶಾಸ್ತ್ರದವರಿಗೆ ಈ ಭಾಗವು ಪರಮಪ್ರಮಾಣ, ಅದರಲ್ಲಿ ವಿವಾದವಿಲ್ಲ. ಆದರೆ ಭಕ್ತರು ಕಡೆಯ ಶ್ಲೋಕವನ್ನು ಹಿಡಿದುಕೊಂಡು ಅದಕ್ಕೆ ಮುಂಚಿನ ವಾದವಿವಾದವನ್ನು ಬಿಟ್ಟುಬಿಡುತ್ತಾರೆ. ಕವಿಯಾದರೋ ಆ ವಾದವಿವಾದಕ್ಕೇ ಹೆಚ್ಚು ಜಾಗವನ್ನು ಕೊಟ್ಟಿದ್ದಾನೆ.

ಸಂದರ್ಭವನ್ನು ನೆನೆಯಿರಿ. ಸಮುದ್ರದ ಉತ್ತರತೀರದಲ್ಲಿ ವಾನರಸೇನೆ ಬೀಡುಬಿಟ್ಟಿದೆ. ನಾಲ್ವರು ಅನುಚರರೊಡನೆ ಆಯುಧಪಾಣಿಯಾದ ರಾಕ್ಷಸನೊಬ್ಬನು ಆಕಾಶದಲ್ಲಿ ಬಂದು ನಿಲ್ಲುತ್ತಾನೆ, ಕೆಳಗಿಳಿಯುವುದಿಲ್ಲ. ಅಲ್ಲಿಂದಲೇ ತನ್ನ ವಾಙ್ಮೂಲವನ್ನು ಕೊಡುತ್ತಾನೆ. ಅದು ಬಹು ಚಿಕ್ಕದು. ತಾನು ರಾವಣನ ತಮ್ಮನೆಂಬ, ತನಗೆ ಅತ್ಯಂತ ಅಪಾಯಕರವಾದ ಸಂಗತಿಯನ್ನೇ ಮೊದಲು ಹೇಳುತ್ತಾನೆ. ಅಣ್ಣನು ಜಟಾಯುವನ್ನು ಕೊಂದು ಸೀತೆಯನ್ನು ತಂದನೆಂದೂ, ಅವಳನ್ನು ಒಪ್ಪಿಸಿಬಿಡೆಂದು ತಾನು ಮತ್ತೆ ಮತ್ತೆ ಹೇಳಿ ದಾಸನಂತೆ ಅವಮಾನಿತನಾದೆನೆಂದೂ, ಹೆಂಡತಿಮಕ್ಕಳನ್ನು ಬಿಟ್ಟು ಬಂದೆನೆಂದೂ ತಿಳಿಸಿ, ಬೇಗನೆ ರಾಮನಿಗೆ ಅರಿಕೆ ಮಾಡಿರೆಂದು ಬೇಡುತ್ತಾನೆ. ಹೆಂಡತಿಮಕ್ಕಳು ಲಂಕೆಯಲ್ಲಿಯೇ ಉಳಿದರೆಂಬ ಮಾತನ್ನು ಕವಿ ಹಿಗ್ಗಿಸುವುದಿಲ್ಲ. ಒಂದು ಪದದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಓಡಿಬಂದವರು ಈ ಸಂಗತಿಯನ್ನು ಹಾಗೆಯೇ ಹೇಳುತ್ತಾರೆ.

ಅನಂತರ ಸಂಶಯಪಕ್ಷ. ಸುಗ್ರೀವನು, ಇವನು ಗೂಢಚಾರ, ಕಟ್ಟಿ ಕೊಲ್ಲಬೇಕೆನ್ನುತ್ತಾನೆ. ಅಂಗದನು ಗುಣದೋಷಗಳನ್ನು ತೂಗಿ ನೋಡಿ ಗುಣ ಹೆಚ್ಚಿದ್ದರೆ ಸ್ವೀಕರಿಸಬಹುದೆನ್ನುತ್ತಾನೆ. ಶರಭನು ಚಾರನನ್ನಿಟ್ಟು ಪರೀಕ್ಷಿಸೆನ್ನುತ್ತಾನೆ. ವೃದ್ಧನಾದ ಜಾಂಬವಂತನಿಗೆ ಬಂದ ದೇಶವೂ ಕಾಲವೂ ಸರಿಯಾಗಿ ಕಾಣುವುದಿಲ್ಲ. ಮೈಂದನು ಮಧುರವಾದ ಮಾತುಗಳಿಂದ ಮೆಲ್ಲಗೆ ಪ್ರಶ್ನಿಸಿ ಒಳಗನ್ನು ತಿಳಿಯಬೇಕೆನ್ನುತ್ತಾನೆ. ಇವರಲ್ಲಿ ಒಬ್ಬನೂ ದುಷ್ಟನಲ್ಲ, ಒಬ್ಬನೂ ಮೂರ್ಖನಲ್ಲ. ಇಂದಿನ ಯಾವ ದೇಶದ ವಲಸೆಯ ಇಲಾಖೆಯಲ್ಲಾದರೂ ಈ ಐವರೂ ಒಂದೊಂದು ಮೇಜಿನ ಹಿಂದೆ ಕುಳಿತಿರುವುದನ್ನು ಕಾಣಬಹುದು. ಪೂರ್ವಪಕ್ಷವನ್ನು ಇಷ್ಟು ಪ್ರಾಮಾಣಿಕವಾಗಿ ಮಂಡಿಸುವ ಕವಿಗೆ ಸಿದ್ಧಾಂತವನ್ನು ಹೇಳುವ ಅಧಿಕಾರ ಬರುತ್ತದೆ. ಶರಣಾಗತರ ಪರವಾಗಿ ಈಚೆಗೆ ಬರೆಯುವ ಅನೇಕರು ಎದುರುವಾದಿಯನ್ನು ಕಟುಕನೆಂದು ಚಿತ್ರಿಸಿ ಸುಲಭವಾಗಿ ಗೆದ್ದುಬಿಡುತ್ತಾರೆ. ಆ ಗೆಲವು ಪುಸ್ತಕದ ಹೊರಗೆ ನಿಲ್ಲುವುದಿಲ್ಲ.

ಹನುಮಂತನು ಒಬ್ಬೊಬ್ಬರಿಗೂ ಉತ್ತರ ಕೊಡುವ ಭಾಗವು ಪ್ರಮಾಣವಿಚಾರದ ದೃಷ್ಟಿಯಿಂದ ಅಪೂರ್ವವಾದುದು. ಕೆಲಸದಲ್ಲಿ ನಿಯೋಜಿಸದೆ ಗುಣದೋಷಗಳು ತಿಳಿಯವು; ಬಂದ ಕೂಡಲೆ ನಿಯೋಜಿಸುವುದೂ ತಪ್ಪು. ಎದುರಿಗೇ ಬಂದು ನಿಂತವನ ಮೇಲೆ ಚಾರನನ್ನು ಬಿಟ್ಟು ಆಗಬೇಕಾದುದಿಲ್ಲ. ದೇಶಕಾಲಗಳೆಂದರೆ, ಅಣ್ಣನ ದೌರಾತ್ಮ್ಯವನ್ನೂ ರಾಮನ ಪರಾಕ್ರಮವನ್ನೂ ಕಂಡವನು ಬರತಕ್ಕ ಕಾಲ ಇದೇ. ಇನ್ನು ಪ್ರಶ್ನೆಗಳ ಮಾತು: ಬುದ್ಧಿವಂತನಾದವನನ್ನು ತಟ್ಟನೆ ಪ್ರಶ್ನಿಸತೊಡಗಿದರೆ ಅವನ ಮನಸ್ಸಿನಲ್ಲಿಯೇ ಶಂಕೆ ಹುಟ್ಟಿ, ಸುಖಾರ್ಥಿಯಾಗಿ ಬಂದ ಮಿತ್ರನು ಕೆಡುತ್ತಾನೆ. ಪಾಟೀಸವಾಲು ಸತ್ಯವನ್ನು ಹೊರಗೆ ತರುತ್ತದೆಂಬುದೇ ಎಲ್ಲ ಕಚೇರಿಗಳ ನಂಬಿಕೆ. ಅದು ಸತ್ಯವನ್ನು ಕೆಡಿಸಲೂಬಹುದೆಂಬುದನ್ನು ಆಂಜನೇಯನು ಕಂಡನು. ವಿಭೀಷಣನ ಮುಖ ಪ್ರಸನ್ನವಾಗಿದೆ, ಸ್ವರದಲ್ಲಿ ಕಪಟವಿಲ್ಲ ಎಂದು ಅವನೂ ಅನುಭಾವಗಳನ್ನೇ ಆಶ್ರಯಿಸುತ್ತಾನೆ. ಅಲ್ಲಿ ವಾದವು ಸ್ವಲ್ಪ ದುರ್ಬಲವೆಂದು ನನಗೆ ತೋರುತ್ತದೆ. ಆದರೆ ಕೂಡಲೆ ಅವನು ಹೇಳುವ ಇನ್ನೊಂದು ಮಾತು ಬಹು ಬೆಲೆಯುಳ್ಳದ್ದು. ವಾಲಿಯು ಸತ್ತು ಸುಗ್ರೀವನಿಗೆ ಪಟ್ಟವಾದುದನ್ನು ಕೇಳಿ, ತನಗೂ ರಾಜ್ಯ ದೊರೆಯಲೆಂದು ಇವನು ಬಂದಿರಬೇಕು. ಆದುದರಿಂದ ಇವನನ್ನು ಸ್ವೀಕರಿಸುವುದು ಯುಕ್ತ! ಅಂದರೆ ಲಾಭದ ಆಸೆಯಿದ್ದ ಮಾತ್ರಕ್ಕೆ ಶರಣಾಗತಿ ಸುಳ್ಳಾಗುವುದಿಲ್ಲ. ಹೊಟ್ಟೆಪಾಡಿಗಾಗಿ ಬಂದವನೆ, ಪ್ರಾಣಭಯದಿಂದ ಬಂದವನೆ ಎಂದು ಮನುಷ್ಯನನ್ನು ಎರಡಾಗಿ ಸೀಳಿ ನೋಡುವ ಈ ಕಾಲದ ವಿಚಾರಣೆಗಾರರು ಈ ಮಾತನ್ನು ಮನನ ಮಾಡಬೇಕು. ಪ್ರಾಣಕ್ಕೆ ಹೆದರಿದವನಿಗೆ ಹಸಿವಾಗಬಾರದೆಂಬ ನಿಯಮವಿಲ್ಲ.

ರಾಮನು ಕೊಡುವ ಉತ್ತರದ ಕ್ರಮವನ್ನೂ ನೋಡಬೇಕು. ಮಿತ್ರಭಾವದಿಂದ ಬಂದವನಲ್ಲಿ ದೋಷವಿದ್ದರೂ ಬಿಡೆನೆಂದು ಮೊದಲು ಹೇಳುತ್ತಾನೆ. ಕಷ್ಟಕಾಲದಲ್ಲಿ ಅಣ್ಣನನ್ನೇ ಬಿಟ್ಟವನು ಇನ್ನಾರನ್ನು ಬಿಡನು ಎಂದು ಸುಗ್ರೀವನು ಕೆಣಕಿದಾಗ, ಅಣ್ಣತಮ್ಮಂದಿರೆಲ್ಲ ಭರತನಂತಿರುವರೆ ಎಂದು ಮುಗುಳುನಗೆಯಿಂದ ಕೇಳುತ್ತಾನೆ. ಅಣ್ಣನನ್ನು ಕೊಲ್ಲಿಸಿ ರಾಜ್ಯವೇರಿದ ಸುಗ್ರೀವನ ಬಾಯಲ್ಲಿ ಆ ಆಕ್ಷೇಪಣೆಯನ್ನಿಟ್ಟ ಕವಿಯ ಧೈರ್ಯ ದೊಡ್ಡದು. ತಾನು ಮರೆಹೊಕ್ಕು ಬದುಕಿದವನೇ ಮುಂದೆ ಬಂದವನಿಗೆ ಬಾಗಿಲು ಮುಚ್ಚಲು ಆತುರಪಡುವುದು ಲೋಕದಲ್ಲಿ ದಿನವೂ ಕಾಣುವ ನೋಟ. ಆಮೇಲೆ ಬಲದ ವಾದ: ಈ ರಾಕ್ಷಸನು ದುಷ್ಟನೇ ಆಗಿರಲಿ, ನನಗೆ ಏನು ಮಾಡಬಲ್ಲನು? ಇಲ್ಲಿಗೆ ನಿಂತಿದ್ದರೆ ಅಭಯವು ಬಲಿಷ್ಠರ ವಿಲಾಸವಾಗುತ್ತಿತ್ತು. ಅದಕ್ಕಾಗಿಯೇ ಮುಂದೆ ಕಪೋತದ ಕಥೆ ಬರುತ್ತದೆ. ತನ್ನ ಹೆಂಡತಿಯನ್ನು ಹಿಡಿದ ಬೇಡನೇ ಮರೆಹೊಕ್ಕಾಗ ಆ ಪಾರಿವಾಳವು ತನ್ನ ಮಾಂಸವನ್ನೇ ಬಡಿಸಿತು. ಬಲವೇ ಇಲ್ಲದ ಪ್ರಾಣಿಯ ದೃಷ್ಟಾಂತದಿಂದ ರಾಮನು ತನ್ನ ಬಲದ ವಾದವನ್ನು ತಾನೇ ದಾಟುತ್ತಾನೆ. ಕಂಡುಮುನಿಯ ಗಾಥೆಯೂ, ಸರ್ವಭೂತಗಳಿಗೂ ಅಭಯವೆಂಬ ಪ್ರಸಿದ್ಧ ವ್ರತವಾಕ್ಯವೂ, ಬಂದವನು ರಾವಣನೇ ಆಗಿದ್ದರೂ ಕರೆತಾ ಎಂಬ ಮಾತೂ ಇದಾದ ಮೇಲೆ.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು ಇನ್ನೊಂದು ಸಂಗತಿ. ವಿಭೀಷಣನು ನೆಲಕ್ಕಿಳಿದು ಪಾದಕ್ಕೆರಗಿದ ಮೇಲೆ ರಾಮನು ಅವನನ್ನು ಪ್ರಶ್ನಿಸುತ್ತಾನೆ: ರಾಕ್ಷಸರ ಬಲಾಬಲಗಳನ್ನು ಉಳ್ಳದ್ದು ಉಳ್ಳಂತೆ ಹೇಳು ಎಂದು. ಪ್ರಶ್ನೆಗಳು ಇಲ್ಲದೆ ಇಲ್ಲ. ಅವು ಅಭಯದ ಆಚೆಗಿವೆ. ಅಭಯ ಮೊದಲು, ವಿಚಾರಣೆ ಅನಂತರ. ಇಂದಿನ ಪದ್ಧತಿಯಲ್ಲಿ ವಿಚಾರಣೆ ಮೊದಲು. ಅದರಲ್ಲಿ ತೇರ್ಗಡೆಯಾದವನಿಗೆ ಅಭಯ. ಒಡಂಬಡಿಕೆಯನ್ನು ಬರೆದವರಿಗೆ ಈ ಕ್ರಮದ ಅರಿವಿರಲಿಲ್ಲವೆಂದು ಹೇಳಕೂಡದು. ಅದರ 33ನೆಯ ವಿಧಿಯು, ಪ್ರಾಣಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ಗಡಿಗೆ ಯಾವ ಶರಣಾರ್ಥಿಯನ್ನೂ ಮರಳಿ ತಳ್ಳಬಾರದೆನ್ನುತ್ತದೆ. 31ನೆಯ ವಿಧಿಯು, ಅಪಾಯದಿಂದ ನೇರವಾಗಿ ಓಡಿಬಂದು ತಡಮಾಡದೆ ಅಧಿಕಾರಿಗಳ ಮುಂದೆ ನಿಂತವನನ್ನು ರಹದಾರಿಯಿಲ್ಲದೆ ಬಂದನೆಂದು ದಂಡಿಸಬಾರದೆನ್ನುತ್ತದೆ. ಅಲ್ಲದೆ, ಸರ್ಕಾರವು ಒಪ್ಪಿಕೊಂಡುದರಿಂದ ಒಬ್ಬನು ಶರಣಾರ್ಥಿಯಾಗುವುದಿಲ್ಲ, ಶರಣಾರ್ಥಿಯಾಗಿರುವುದರಿಂದಲೇ ಸರ್ಕಾರವು ಒಪ್ಪಿಕೊಳ್ಳಬೇಕಾಗಿದೆ ಎಂಬುದೂ ಕೈಪಿಡಿಯಲ್ಲಿರುವ ತತ್ತ್ವ. ಬೀಜರೂಪದಲ್ಲಿ ಇವು ಅಭಯವೇ. ಆದರೆ ಬೀಜವು ಕಚೇರಿಯ ಕಪಾಟಿನಲ್ಲಿದೆ.

ನಮ್ಮ ಶಾಸನಗಳಲ್ಲಿ ಅರಸರಿಗೆ ‘ಶರಣಾಗತವಜ್ರಪಂಜರ’ನೆಂಬ ಬಿರುದು ಕಾಣುತ್ತದೆ. ಮರೆಹೊಕ್ಕವರಿಗೆ ವಜ್ರದ ಗೂಡಾಗಿರುವವನೆಂದು ಅದರ ಭಾವ. ಪಂಜರವೆಂಬ ಮಾತು ವಿಚಿತ್ರವಾದುದು. ಅದು ಕಾಯುವುದೂ ಹೌದು, ಕೂಡಿಹಾಕುವುದೂ ಹೌದು. ಅರ್ಜಿಯು ತೀರ್ಮಾನವಾಗುವವರೆಗೆ ಶರಣಾರ್ಥಿಗಳನ್ನು ಬೇಲಿಯೊಳಗೆ ಇಡುವ ದೇಶಗಳು ಪಂಜರವನ್ನು ಉಳಿಸಿಕೊಂಡು ವಜ್ರವನ್ನು ಕೈಬಿಟ್ಟಿವೆ. ಅದಂತಿರಲಿ. ಬಿರುದಿನ ದೌರ್ಬಲ್ಯವೂ ಇಲ್ಲಿಯೇ ಇದೆ: ಅದು ಅರಸನ ಗುಣವನ್ನು ಹೇಳುತ್ತದೆ, ಬಂದವನ ಹಕ್ಕನ್ನು ಹೇಳುವುದಿಲ್ಲ. ಭಾರತವು ಜಿನೀವಾದ ಒಡಂಬಡಿಕೆಗೆ ಸೇರಿಲ್ಲ. ಶರಣಾರ್ಥಿಗಳಿಗೆಂದೇ ಬೇರೆ ಶಾಸನವೂ ನಮ್ಮಲ್ಲಿಲ್ಲ. 1946ರ ವಿದೇಶೀಯರ ಶಾಸನದಲ್ಲಿ ಪ್ರವಾಸಿಯೂ ಶರಣಾರ್ಥಿಯೂ ಒಂದೇ ಹೆಸರಿನಲ್ಲಿ ಅಡಕವಾಗಿದ್ದರು. 2025ರಲ್ಲಿ ಅದರ ಸ್ಥಾನಕ್ಕೆ ಹೊಸ ಶಾಸನ ಬಂದಿದೆ. ಹೀಗಿದ್ದರೂ 1959ರ ಅನಂತರ ಬಂದ ಟಿಬೇಟಿನವರಿಗೆ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಭೂಮಿ ದೊರೆಯಿತು. ಅಲ್ಲಿಯ ಜೋಳದ ಹೊಲಗಳನ್ನೂ ವಿಹಾರಗಳನ್ನೂ ನೋಡಿದವರು, ಅಭಯವೆಂಬುದು ಕಾವ್ಯದ ಮಾತು ಮಾತ್ರವೆಂದು ಹೇಳಲಾರರು. ಅದೇ ನೆಲದಲ್ಲಿ ರೋಹಿಂಗ್ಯರ ಪಾಲಿಗೆ ಬೇರೆಯೇ ಆಯಿತು. ಅವರ ಗಡೀಪಾರನ್ನು ತಡೆಯಬೇಕೆಂಬ ಬಿನ್ನಹವನ್ನು 2021ರಲ್ಲಿ ನಮ್ಮ ಶ್ರೇಷ್ಠ ನ್ಯಾಯಾಲಯವು, ಕ್ರಮವರಿತು ಕಳುಹಿಸಿರೆಂದಷ್ಟೇ ಹೇಳಿ, ಒಪ್ಪಲಿಲ್ಲ. ರಾಮನ ಮುಂದೆ ನಿಂತವನಿಗೆ ಕಾನೂನು ಬೇಡ. ಮುಂದಿನ ದೊರೆ ರಾಮನಲ್ಲದಿದ್ದರೆ ಏನು ಗತಿ? ವಾಲ್ಮೀಕಿಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ.

ಉತ್ತರದ ಮೊದಲ ತೊದಲು ಈಸ್ಕಿಲಸನಲ್ಲಿದೆ. ‘ಪಾರಸಿಕರು’ ನಾಟಕವನ್ನು ಶ್ರೀಯವರ ಕನ್ನಡದಲ್ಲಿ ಓದಿದವರಿಗೆ ಈ ಕವಿಯ ಗಾಂಭೀರ್ಯವು ಅಪರಿಚಿತವಲ್ಲ. ‘ಶರಣಾರ್ಥಿನಿಯರು’ ನಾಟಕವು ಅವನ ಕೃತಿಗಳಲ್ಲೆಲ್ಲ ಅತ್ಯಂತ ಹಳೆಯದೆಂದು ಪಂಡಿತರು ಬಹುಕಾಲ ನಂಬಿದ್ದರು. 1952ರಲ್ಲಿ ಪ್ರಕಟವಾದ ಒಂದು ಪಪೈರಸ್ ತುಣುಕಿನಿಂದ ಅದು ಕ್ರಿಸ್ತಪೂರ್ವ 460ರ ದಶಕದ್ದೆಂದು ಈಗ ಎಣಿಸುತ್ತಾರೆ. ದನಾಉಸನ ಐವತ್ತು ಮಂದಿ ಹೆಣ್ಣುಮಕ್ಕಳು, ತಮ್ಮನ್ನು ಬಲಾತ್ಕಾರವಾಗಿ ಮದುವೆಯಾಗಬಂದ ಐವತ್ತು ಮಂದಿ ದಾಯಾದಿಗಳಿಂದ ತಪ್ಪಿಸಿಕೊಂಡು ಈಜಿಪ್ಟಿನಿಂದ ಆರ್ಗಾಸ್ ನಗರಕ್ಕೆ ಹಡಗಿನಲ್ಲಿ ಬಂದು, ಉಣ್ಣೆ ಸುತ್ತಿದ ಕೊಂಬೆಗಳನ್ನು ಹಿಡಿದು ದೇವರ ವೇದಿಕೆಯಲ್ಲಿ ಕುಳಿತುಕೊಳ್ಳುತ್ತಾರೆ. ಮೇಳವೇ ಇಲ್ಲಿ ನಾಯಿಕೆ. ರಾಜ ಪೆಲಾಸ್ಗಸನು ಬಂದು ಪ್ರಶ್ನಿಸುತ್ತಾನೆ. ತಾವು ಈ ಊರಿನ ಅಯೋ ಎಂಬವಳ ಸಂತತಿಯೆಂದು ಅವರು ಹೇಳಿದರೆ, ನೀವು ಲಿಬಿಯದವರಂತೆ ಕಾಣುತ್ತೀರಿ, ಗ್ರೀಕರಂತೆ ಕಾಣುವುದಿಲ್ಲವೆಂದು ಆತನು ಸಂದೇಹಪಡುತ್ತಾನೆ. ಆಗ ಒಂದೊಂದು ಪಂಕ್ತಿಯ ಸವಾಲುಜವಾಬಿನಲ್ಲಿ ಅಯೋಳ ಕಥೆಯು ಹೊರಬಂದು ಪುರಾವೆಯಾಗುತ್ತದೆ. ನಿಮ್ಮ ದೇಶದ ಕಟ್ಟಳೆಯ ಪ್ರಕಾರ ದಾಯಾದಿಗಳಿಗೆ ನಿಮ್ಮ ಮೇಲೆ ಹಕ್ಕಿದ್ದರೆ ನಾನು ಅಡ್ಡ ಬರುವುದು ಹೇಗೆಂದೂ ಕೇಳುತ್ತಾನೆ. ಈ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ: ಸ್ವದೇಶದ ಕಾನೂನೇ ಹಿಂಸೆಯಾಗಿದ್ದಾಗ ಅದನ್ನು ಎಷ್ಟರಮಟ್ಟಿಗೆ ಮನ್ನಿಸಬೇಕು? ಹೆಂಗಸರು ಇದಕ್ಕೆ ನೇರವಾದ ಉತ್ತರ ಕೊಡುವುದಿಲ್ಲ; ನಮ್ಮನ್ನು ಕೈಬಿಟ್ಟರೆ ಈ ದೇವರ ವಿಗ್ರಹಗಳಿಗೇ ನಮ್ಮ ನಡುಕಟ್ಟುಗಳನ್ನು ಬಿಗಿದು ನೇಣು ಹಾಕಿಕೊಳ್ಳುವೆವೆನ್ನುತ್ತಾರೆ. ದಸ್ತಾವೇಜು ಇಲ್ಲದವರ ಕೊನೆಯ ದಸ್ತಾವೇಜು ಅವರ ದೇಹ.

ಇಕ್ಕಟ್ಟಿನಲ್ಲಿ ಸಿಕ್ಕ ರಾಜನು ಮಾಡುವ ಕೆಲಸ ರಾಮನು ಮಾಡಿದ್ದಕ್ಕಿಂತ ಭಿನ್ನವಾದುದು. ಯುದ್ಧ ಬಂದರೆ ಸಾಯುವವರು ಪ್ರಜೆಗಳು. ಅವರನ್ನು ಕೇಳದೆ ಹೇಳಲಾರೆನೆಂದು ಸಭೆಯನ್ನು ಕರೆಯುತ್ತಾನೆ. ಸಭೆಯು ಒಮ್ಮನಸ್ಸಿನಿಂದ ಬಲಗೈಗಳನ್ನೆತ್ತುತ್ತದೆ: ಇವರು ಸ್ವತಂತ್ರರಾಗಿ ನಮ್ಮಲ್ಲಿ ನೆಲಸಬಹುದು, ಯಾರೂ ಇವರನ್ನು ಎಳೆದೊಯ್ಯಕೂಡದು, ಎಳೆಯಬಂದಾಗ ನೆರವಿಗೆ ಬಾರದ ಪೌರನಿಗೆ ಮಾನವೂ ಇಲ್ಲ, ಊರೂ ಇಲ್ಲ. ಅಭಯವು ಇಲ್ಲಿ ಒಬ್ಬನ ವ್ರತವಾಗಿ ಉಳಿಯದೆ ಊರಿನ ಕಟ್ಟಳೆಯಾಯಿತು. ಅದರ ಬೆಲೆಯನ್ನೂ ಕವಿ ಮರೆಮಾಚಲಿಲ್ಲ. ಈಜಿಪ್ಟಿನ ದೂತನು ಬಂದು ಹೆಂಗಸರ ಜಡೆಗೆ ಕೈಯಿಕ್ಕಲು ಹೋಗುತ್ತಾನೆ; ರಾಜನು ತಡೆದು ಕಳುಹಿಸುತ್ತಾನೆ; ಯುದ್ಧದ ಮಾತಿನೊಡನೆ ದೂತನು ಹಿಂದಿರುಗುತ್ತಾನೆ. ಮುಂದಿನ ಎರಡು ನಾಟಕಗಳು ನಷ್ಟವಾಗಿವೆ. ಕಾವ್ಯವಾಗಿ ಇದು ವಾಲ್ಮೀಕಿಯ ಪ್ರಕರಣಕ್ಕೆ ಸಮನಲ್ಲವೆಂದು ನನ್ನ ಅಭಿಪ್ರಾಯ. ಮೇಳದ ಹಾಡುಗಳು ಭವ್ಯವಾಗಿದ್ದರೂ ಐವತ್ತು ಜನರಲ್ಲಿ ಒಬ್ಬಳ ಮುಖವೂ ನಮಗೆ ಕಾಣದು, ಮತ್ತು ಸಭೆಯಲ್ಲಿ ಒಬ್ಬ ಸುಗ್ರೀವನಾದರೂ ಎದ್ದು ಬೇಡವೆಂದು ಹೇಳಲಿಲ್ಲವೆ ಎಂಬ ಶಂಕೆ ಉಳಿಯುತ್ತದೆ. ಧರ್ಮವಿಚಾರದಲ್ಲಿ 1951ರ ಒಡಂಬಡಿಕೆಗೆ ಹೆಚ್ಚು ಹತ್ತಿರವಾದುದು ಮಾತ್ರ ಇದೇ.

ಕಟ್ಟಳೆಯು ಬೆಳೆದು, ಅಭಯವು ಅದರೊಳಗಿಂದ ಸೋರಿಹೋದರೆ ಏನಾಗುತ್ತದೆಂಬುದಕ್ಕೆ ‘ಟ್ರಾನ್ಸಿಟ್’ ಕಾದಂಬರಿಯು ಸಾಕ್ಷಿ. ಆನಾ ಸೇಗರ್ಸ್ 1933ರಲ್ಲಿ ಜರ್ಮನಿಯನ್ನು ಬಿಟ್ಟು ಫ್ರಾನ್ಸಿನಲ್ಲಿ ಆಶ್ರಯ ಪಡೆದಿದ್ದಳು. 1940ರ ಜೂನಿನಲ್ಲಿ ಫ್ರಾನ್ಸು ಸೋತಿತು. ಜರ್ಮನಿಯು ಹೆಸರಿಸಿ ಕೇಳಿದ ಜರ್ಮನರನ್ನು ಒಪ್ಪಿಸಬೇಕೆಂಬ ನಿಬಂಧನೆಯು ಕದನವಿರಾಮದ ಕರಾರಿನ 19ನೆಯ ವಿಧಿಯಲ್ಲಿ ಸೇರಿತು. ಮರೆಹೊಕ್ಕವರನ್ನು ಬೇಟೆಗಾರನಿಗೆ ಒಪ್ಪಿಸುವುದೇ ಕಾನೂನಾಯಿತು! ಮಾರ್ಸೇಲ್ ಬಂದರಿನಲ್ಲಿ ಸಿಕ್ಕಿಕೊಂಡವರಲ್ಲಿ ಅನೇಕರು ಹೊರಗೆ ಹೋಗಲು ಸಮುದ್ರದ ದಾರಿಯನ್ನು ನಂಬಿದ್ದರು. ಮೆಕ್ಸಿಕೋ ದೇಶದ ಕಾನ್ಸಲ್ ಗಿಲ್ಬರ್ಟೋ ಬೊಸ್ಕೆಸ್ ಅಲ್ಲಿ ಸಾವಿರಾರು ಮಂದಿಗೆ ವೀಸಾ ಕೊಟ್ಟ ಪುಣ್ಯಾತ್ಮ. ಲೇಖಕಿಯು 1941ರ ಮಾರ್ಚಿಯಲ್ಲಿ ಹಡಗು ಹತ್ತಿ, ಸುತ್ತಿ ಬಳಸಿ ಅದೇ ವರ್ಷ ಮೆಕ್ಸಿಕೋ ಸೇರಿದಳು. ಕಾದಂಬರಿಯು 1944ರಲ್ಲಿ ಇಂಗ್ಲಿಷಿನಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ಬಂದು, ಬರೆದ ಭಾಷೆಯಲ್ಲಿ ಪುಸ್ತಕವಾಗಲು 1948ರವರೆಗೆ ಕಾಯಬೇಕಾಯಿತು.

ಇಲ್ಲಿಯ ಕಾಗದಗಳ ಚಕ್ರವನ್ನು ತುಸು ವಿವರಿಸಬೇಕು. ಯಾವುದಾದರೊಂದು ದೇಶವು ಬರಗೊಟ್ಟರೆ ವೀಸಾ. ವೀಸಾ ಇದ್ದರೆ ನಡುವಣ ದೇಶಗಳನ್ನು ಹಾದುಹೋಗುವ ಪರವಾನಗಿ, ಅದೇ ‘ಟ್ರಾನ್ಸಿಟ್’. ಅದಿದ್ದರೆ ಫ್ರಾನ್ಸಿನಿಂದ ಹೊರಡುವ ಅಪ್ಪಣೆ. ಜೊತೆಗೆ ಹಡಗಿನಲ್ಲಿ ಜಾಗ. ಒಂದು ಕೈಗೆ ಬರುವ ಹೊತ್ತಿಗೆ ಇನ್ನೊಂದರ ವಾಯಿದೆ ತೀರುತ್ತದೆ. ತಾನು ಊರನ್ನು ಬಿಟ್ಟುಹೋಗುವೆನೆಂದು ರುಜುವಾತು ಮಾಡಿದವನಿಗೆ ಮಾತ್ರ ಊರಿನಲ್ಲಿರಲು ಅನುಮತಿ. ಮುದುಕನಾದ ಒಬ್ಬ ವಾದ್ಯಮೇಳದ ನಾಯಕನು ವೆನಿಜುವೆಲಾ ದೇಶಕ್ಕೆ ಹೋಗಲು ಈ ಕಾಗದಗಳನ್ನು ಒಂದೊಂದಾಗಿ ಕೂಡಿಸಿ ಕೂಡಿಸಿ, ದಡ ಸೇರುವ ಮೊದಲೇ ಸತ್ತುಹೋಗುತ್ತಾನೆ. ಇಲ್ಲಿ ಯಾವ ಅಧಿಕಾರಿಯೂ ಕ್ರೂರಿಯಲ್ಲ. ಯಾರೂ ಯಾರ ಭಯವನ್ನೂ ಕೇಳುವುದೇ ಇಲ್ಲ. ಜಾಂಬವಂತನ ಶಂಕೆಯೂ ಇಲ್ಲ, ಮೈಂದನ ಮಧುರವಾಕ್ಯವೂ ಇಲ್ಲ.

ಕಥಾನಾಯಕನು ಜರ್ಮನಿಯ ಸೆರೆಶಿಬಿರದಿಂದಲೂ ಫ್ರಾನ್ಸಿನ ಶಿಬಿರದಿಂದಲೂ ತಪ್ಪಿಸಿಕೊಂಡವನು. ಅವನ ನಿಜವಾದ ಹೆಸರು ಓದುಗರಿಗೆ ತಿಳಿಯುವುದಿಲ್ಲ. ಅವನ ಬಳಿ ಇರುವುದು ಸೈಡ್ಲರ್ ಎಂಬ ಬೇರೊಬ್ಬನ ಹೆಸರಿನ ಕಾಗದ. ಪ್ಯಾರಿಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡ ವೈಡೆಲ್ ಎಂಬ ಲೇಖಕನ ಪೆಟ್ಟಿಗೆಯನ್ನು ಒಪ್ಪಿಸಹೋದರೆ, ಮೆಕ್ಸಿಕೋದ ಕಚೇರಿಯಲ್ಲಿ ಅವನನ್ನೇ ವೈಡೆಲ್ ಎಂದು ತಿಳಿಯುತ್ತಾರೆ. ಲೇಖಕರಿಗೆ ಎರಡು ಹೆಸರಿರುವುದು ಸಹಜವಷ್ಟೆ! ಹೀಗೆ ಹೋಗಲು ಮನಸ್ಸೇ ಇಲ್ಲದವನಿಗೆ ಸತ್ತವನ ವೀಸಾ ದೊರೆಯುತ್ತದೆ. ಅತ್ತ ವೈಡೆಲನ ಹೆಂಡತಿ ಮರೀ, ಗಂಡನು ಆ ಕಚೇರಿಗೆ ಬಂದಿದ್ದ, ಈ ಕಚೇರಿಗೆ ಬಂದಿದ್ದ ಎಂಬ ಸುದ್ದಿಯನ್ನು ನಂಬಿ ಊರೆಲ್ಲ ಹುಡುಕುತ್ತಾಳೆ. ಒಂದು ಸುಳ್ಳು ಕಡತವು ಸತ್ತವನನ್ನು ಬದುಕಿಸಿ, ಬದುಕಿದವಳನ್ನು ಸಾವಿನ ಹಡಗಿಗೆ ಕಳುಹಿಸುತ್ತದೆ. ಪ್ರೇಮಕಥೆಯಾಗಿ ಇದು ಗಟ್ಟಿಯಾಗಿಲ್ಲ. ಮರೀ ನೆರಳಿನಂತೆ ಬಂದು ನೆರಳಿನಂತೆ ಹೋಗುತ್ತಾಳೆ, ಅವಳ ಜೊತೆಗಿರುವ ವೈದ್ಯನೂ ಅಷ್ಟೆ. ಕಚೇರಿಯಿಂದ ಕಚೇರಿಗೆ ಅಲೆಯುವ ಪ್ರಕರಣಗಳು ಬೇಸರ ತರುವಷ್ಟು ಪುನರುಕ್ತವಾಗಿವೆಯೆಂಬ ಆಕ್ಷೇಪಣೆಯನ್ನು ಮಾತ್ರ ನಾನು ಒಪ್ಪಲಾರೆ. ಆ ಬೇಸರವೇ ಕಾದಂಬರಿಯ ವಸ್ತು. ಅದನ್ನು ಓದುಗನಿಗೆ ತಪ್ಪಿಸಿದ್ದರೆ ಅನೌಚಿತ್ಯವಾಗುತ್ತಿತ್ತು.

ರಚನೆಯಲ್ಲಿ ಲೇಖಕಿಯು ಮಾಡಿರುವ ಒಂದು ಏರ್ಪಾಡು ಗಮನಾರ್ಹವಾಗಿದೆ. ಈ ಕಥೆಯನ್ನೆಲ್ಲ ನಾಯಕನು ಮಾರ್ಸೇಲಿನ ಒಂದು ಊಟದ ಅಂಗಡಿಯಲ್ಲಿ ಕುಳಿತು ಒಬ್ಬ ಅಪರಿಚಿತನಿಗೆ ಹೇಳುತ್ತಾನೆ. ಹಡಗು ಮುಳುಗಿತಂತೆ ಎಂಬ ವದಂತಿಯಿಂದ ಮಾತು ತೊಡಗುತ್ತದೆ. ನಿಮಗೆ ಬೇಸರವಾಗುತ್ತಿದೆಯೋ ಏನೋ ಎಂದು ಸಂಕೋಚಪಡುತ್ತಾನೆ. ಕಡೆಗೆ ತಾನು ಎಲ್ಲಿಗೂ ಹೋಗದೆ ಇಲ್ಲಿಯ ರೈತರ ತೋಟದಲ್ಲಿ ದುಡಿಯುತ್ತಾ ಉಳಿದೆನೆಂದು ಹೇಳಿ ಮುಗಿಸುತ್ತಾನೆ. ಎಷ್ಟೋ ಕಾನ್ಸಲರ ಮುಂದೆ ಬಾಯಿಬಿಡದ ಸತ್ಯವನ್ನು ಅವನು ಇವನೊಬ್ಬನ ಮುಂದೆ ಪೂರ್ತಿಯಾಗಿ ಹೇಳುತ್ತಾನೆ. ಆ ಅಪರಿಚಿತನು ಕಾಗದವನ್ನು ಕೇಳುವುದಿಲ್ಲ, ಪೂರ್ವಾಪರವನ್ನು ತಾಳೆ ನೋಡುವುದಿಲ್ಲ, ಒಂದು ಫೈಸಲನ್ನೂ ಬರೆಯುವುದಿಲ್ಲ; ಪುಸ್ತಕ ಮುಗಿಯುವವರೆಗೂ ಅವನ ಬಾಯಿಂದ ಒಂದು ಮಾತೂ ಬರುವುದಿಲ್ಲ. ಜರ್ಮನ್ ಬಲ್ಲ ಕನ್ನಡಿಗರು ಯಾರಾದರೂ ಇದನ್ನು ಮೂಲದಿಂದಲೇ ಕನ್ನಡಿಸುವುದಾದರೆ, ಹೆಸರನ್ನು ಏನು ಮಾಡಬೇಕೆಂಬುದೇ ಮೊದಲ ತೊಡಕಾದೀತು. ‘ಹಾದಿ’ ಎಂದರೆ ಸಾಲದು, ‘ರಹದಾರಿ’ ಎಂದರೆ ಕಾಗದವಷ್ಟೇ ಉಳಿಯುತ್ತದೆ. ವಾಲ್ಮೀಕಿಯು ವಿಭೀಷಣನ ವಿಷಯದಲ್ಲಿ ಹೇಳುವಂತೆ, ನೆಲ ಮುಟ್ಟದೆ ಆಕಾಶದಲ್ಲಿಯೇ ನಿಂತಿರುವುದೆಂಬ ಅರ್ಥದ ಒಂದು ಮಾತು ಬೇಕಾಗಿದೆ.